ಸಂದರ್ಶನದ ಭಯಕ್ಕೆ ಮಾತ್ರೆ ಮದ್ದಲ್ಲ

ಇಪ್ಪತ್ತಮೂರು ವರ್ಷದ ಯುವಕನೊಬ್ಬನನ್ನು ಅವನ ತಂದೆ ಒಂದು ಬೆಳಿಗ್ಗೆ ಆಟೊದಲ್ಲಿ ನನ್ನ ಬಳಿ ಕರೆತಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಅಂಕಪಟ್ಟಿಗಳ ಫೈಲು. ಮಾತನಾಡಲು ಉಸಿರು ಸಾಲುತ್ತಿರಲಿಲ್ಲ. ಎದೆ ಸುಯ್ಗುಡುತ್ತಿತ್ತು. ಹತ್ತು ಗಂಟೆಗೆ ಅವನಿಗೆ ಕೆಲಸದ ಸಂದರ್ಶನವಿತ್ತು. ‘ಕೈ ನಡುಗಬಾರದು ಅಂತ ಸ್ನೇಹಿತ ಒಂದು ಮಾತ್ರೆ ಕೊಟ್ಟಿದ್ದ, ಡಾಕ್ಟ್ರೇ’ ಎಂದು ತಡೆತಡೆದು ಹೇಳಿದ. ಮಾತ್ರೆಯ ಹೆಸರು ಪ್ರೊಪ್ರನೊಲಾಲ್. ಅವನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಅದು ಸ್ನೇಹಿತನಿಗೆ ಗೊತ್ತಿರಲಿಲ್ಲ.

ಉಬ್ಬಸಕ್ಕೆ ಕೂಡಲೇ ಗುಣ ತೋರುವ ಔಷಧಿ ಅಂದು ನಿಧಾನವಾಯಿತು. ಆ ಮಾತ್ರೆ ಶ್ವಾಸನಾಳದಲ್ಲಿ ಅದರ ದಾರಿಯನ್ನೇ ಕಟ್ಟಿತ್ತು. ಆಸ್ಪತ್ರೆಗೆ ಕಳುಹಿಸಬೇಕಾಯಿತು. ಜೀವ ಉಳಿಯಿತು, ಸಂದರ್ಶನ ತಪ್ಪಿತು.

ಓದುಗರೇ, ಸಂದರ್ಶನದ ಕೋಣೆಯ ಹೊರಗೆ ಕುಳಿತಾಗ ಎದೆ ಡವಗುಟ್ಟುವುದು ರೋಗವಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಭಯದ ಹೊತ್ತಿನಲ್ಲಿ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಕಲಕುತ್ತದೆ. ಹುಲಿ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆಯೇ ಇದು. ಸಂದರ್ಶಕರು ಹುಲಿಗಳಲ್ಲ ಎಂಬುದು ಪಾಪ ದೇಹಕ್ಕೆ ತಿಳಿಯದು! ಆದರೆ ಇದೇ ಅಡ್ರಿನಲಿನ್ ಹಿತಮಿತವಾಗಿದ್ದರೆ ಬುದ್ಧಿಯನ್ನು ಚುರುಕಾಗಿಯೂ ಇಡುತ್ತದೆ.

ಮೊದಲ ನೋಟದಲ್ಲೇ ಅಭಿಪ್ರಾಯ ಮೂಡುತ್ತದೆ ಎಂಬ ಮಾತು ಸುಳ್ಳಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ೨೦೦೬ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಪರಿಚಿತ ಮುಖವೊಂದರ ಚಿತ್ರವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರೂ, ಈತ ನಂಬಿಕಸ್ಥನೇ, ಸಮರ್ಥನೇ ಎಂಬ ಬಗ್ಗೆ ನೋಡಿದವರು ಒಂದು ತೀರ್ಮಾನಕ್ಕೆ ಬಂದಿದ್ದರು. ಆದರೆ ಎದುರಿನವರಿಗೆ ಕಾಣುವುದು ನಿಮ್ಮ ಮುಖ; ನಿಮ್ಮ ನಾಡಿಯ ಬಡಿತವಲ್ಲ. ಅಲ್‌ಪ್ರಜೊಲಾಮ್‌ನಂಥ ಮಂಪರಿನ ಮಾತ್ರೆ ನುಂಗಿ ಹೋದರೆ ಭಯ ತಗ್ಗಬಹುದು. ಜೊತೆಗೆ ಕಣ್ಣಿನ ಹೊಳಪು, ಮಾತಿನ ಚುರುಕು, ನೆನಪಿನ ಶಕ್ತಿಯೂ ತಗ್ಗುತ್ತವೆ. ಪದೇ ಪದೇ ನುಂಗಿದರೆ ಅದು ಚಟವಾಗಿ ಅಂಟಿಕೊಳ್ಳುತ್ತದೆ.

ಪ್ರೊಪ್ರನೊಲಾಲ್ ಕೆಟ್ಟ ಔಷಧಿಯೇನಲ್ಲ. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ೧೯೮೮ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಒಬ್ಬರು. ಹೃದ್ರೋಗಕ್ಕೆ, ಮೈಗ್ರೇನ್ ತಲೆನೋವಿನ ತಡೆಗೆ ನಾವು ಇಂದಿಗೂ ಅದನ್ನು ಬರೆದುಕೊಡುತ್ತೇವೆ. ಆದರೆ ಉಬ್ಬಸದವರಿಗೆ ಅದು ಪ್ರಾಣಾಪಾಯ ತಂದೀತು. ಮಧುಮೇಹಿಗಳಲ್ಲಿ ಸಕ್ಕರೆ ಕುಸಿದಾಗ ಎಚ್ಚರಿಸುವ ನಡುಕ ಮತ್ತು ಎದೆಬಡಿತವನ್ನು ಅದು ಮರೆಮಾಚುತ್ತದೆ. ಆದ್ದರಿಂದ ವೈದ್ಯರು ಪರೀಕ್ಷಿಸದೆ ಇಂಥ ಮಾತ್ರೆ ಕೂಡದು.

ಹಾಗಾದರೆ ಏನು ಮಾಡಬೇಕು?

ಹಿಂದಿನ ದಿನ: ಪ್ರಮಾಣಪತ್ರ, ಬಟ್ಟೆ, ಬಸ್ಸಿನ ವೇಳೆ ಎಲ್ಲವನ್ನೂ ಸಂಜೆಯೊಳಗೆ ಅಣಿ ಮಾಡಿಕೊಳ್ಳಿ. ಹೊಸ ಷೂಗಳನ್ನು ಅಂದೇ ಮೊದಲ ಬಾರಿಗೆ ಹಾಕಬೇಡಿ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವನ ಮುಖದಲ್ಲಿ ನಗು ಮೂಡದು. ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸಂಜೆಯ ನಂತರ ಕಾಫಿ ಬೇಡ. ನಿದ್ರೆ ಬರಲಿಲ್ಲವೆಂದು ಗಾಬರಿಯಾಗಬೇಡಿ; ಒಂದು ರಾತ್ರಿ ನಿದ್ರೆ ಕೆಟ್ಟಿತೆಂದ ಮಾತ್ರಕ್ಕೆ ಓದಿದ್ದೆಲ್ಲ ಮರೆತುಹೋಗುವುದಿಲ್ಲ.

ಆ ಬೆಳಿಗ್ಗೆ: ಬರಿಹೊಟ್ಟೆಯಲ್ಲಿ ಹೋಗಬೇಡಿ. ಎರಡು ಮೂರು ಇಡ್ಲಿ ಅಥವಾ ಒಂದು ತಟ್ಟೆ ಉಪ್ಪಿಟ್ಟು ಸಾಕು. ಉಪವಾಸದ ಹರಕೆಯಿದ್ದರೆ ಇನ್ನೊಂದು ದಿನ ತೀರಿಸಿ, ದೇವರು ಮುನಿಯುವುದಿಲ್ಲ. ಕಾಫಿಯ ಅಭ್ಯಾಸವಿದ್ದವರು ಒಂದು ಲೋಟ ಕುಡಿಯಲಿ; ಎರಡನೆಯದು ಕೈನಡುಕ ಹೆಚ್ಚಿಸೀತು. ಮಧುಮೇಹ, ಅಪಸ್ಮಾರ, ಉಬ್ಬಸದ ಔಷಧಿಗಳನ್ನು ತಪ್ಪಿಸಬೇಡಿ. ಇನ್‌ಹೇಲರ್ ಜೇಬಿನಲ್ಲಿರಲಿ.

ಕೋಣೆಯ ಹೊರಗೆ: ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದುಕೊಂಡು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಡುವಾಗ ವೇಗಸ್ ಎಂಬ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ. ಎರಡು ಗುಟುಕು ನೀರು ಕುಡಿಯಿರಿ, ಅಂಗೈಯನ್ನು ತಣ್ಣೀರಿನಲ್ಲಿ ತೊಳೆದು ಕರವಸ್ತ್ರದಿಂದ ಒರೆಸಿಕೊಳ್ಳಿ. ಒಳಗೆ ಹೋದಾಗ ಕೈ ಬೆವರಿದ್ದರೆ ಸಂಕೋಚ ಬೇಡ, ನಮಸ್ಕಾರ ಸಾಕು. ಮೊದಲ ಪ್ರಶ್ನೆಗೆ ಉತ್ತರಿಸುವ ಮುನ್ನ ಒಂದು ಉಸಿರು ತೆಗೆದುಕೊಳ್ಳಿ. ಆ ಬಿಡುವು ನಿಮಗೆ ದೀರ್ಘವೆನಿಸಿದರೂ ಎದುರಿನವರಿಗೆ ವಿಚಾರವಂತಿಕೆಯಾಗಿ ಕಾಣುತ್ತದೆ.

ತಂದೆ ತಾಯಿಯರಿಗೂ ಒಂದು ಮಾತು. ಮಗ ಅಥವಾ ಮಗಳು ಹೊಸಿಲು ದಾಟುವಾಗ ‘ಈ ಸಲವಾದರೂ ಆಗಲೇಬೇಕು’ ಎನ್ನಬೇಡಿ. ಅವರು ಹೊತ್ತಿರುವ ಭಾರವೇ ಸಾಕಷ್ಟಿರುತ್ತದೆ. ‘ಹೋಗಿ ಬಾ, ಊಟಕ್ಕೆ ಕಾಯುತ್ತೇವೆ’ ಎಂದರೆ ಸಾಕು.

ಆದರೆ ಭಯ ಮಿತಿಮೀರಿ ಸಂದರ್ಶನಗಳಿಗೇ ಹೋಗದೆ ತಪ್ಪಿಸಿಕೊಳ್ಳುವುದು, ವಾರಗಟ್ಟಲೆ ಊಟ ನಿದ್ರೆ ಸೇರದಿರುವುದು, ಬದುಕೇ ಬೇಡವೆನಿಸುವುದು ಕಂಡರೆ ಅದನ್ನು ಸೋಮಾರಿತನವೆಂದು ಬೈಯಬೇಡಿ. ಅದಕ್ಕೆ ಚಿಕಿತ್ಸೆಯಿದೆ. ಮನೋವೈದ್ಯರನ್ನು ಕಾಣಿರಿ. ೨೦೨೨ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಆ ಯುವಕ ಕೆಲವು ತಿಂಗಳ ಬಳಿಕ ಇನ್ನೊಂದು ಸಂದರ್ಶನ ಮುಗಿಸಿ ನೇರವಾಗಿ ನನ್ನಲ್ಲಿಗೆ ಬಂದ. ಫಲಿತಾಂಶ ಇನ್ನೂ ಗೊತ್ತಾಗಿರಲಿಲ್ಲ. ‘ಕೈ ನಡುಗಿತು ಡಾಕ್ಟ್ರೇ, ಆದರೆ ಯಾರೂ ಅದನ್ನು ನೋಡಿದ ಹಾಗೆ ಕಾಣಲಿಲ್ಲ’ ಎಂದ. ಅವನ ಉಸಿರು ಸರಾಗವಾಗಿತ್ತು. ವೈದ್ಯನಾಗಿ ನನಗೆ ಅಷ್ಟು ಸಾಕಾಯಿತು.