ಹಳೆ ರಾಮ್, ಗಟ್ಟಿ ಎಂಜಿನ್, ಒಂದು ಪುಟ್ಟ ಪಿನ್

ಸ್ಟಾರ್ಟ್ ಆಗದ ಹಳೆ ಡೀಸೆಲ್ ಗಾಡಿಯ ಮುಂದೆ ನಿಂತವರಿಗೆ ಮೊದಲು ಅನುಮಾನ ಬರುವುದು ಇಂಧನ ಪಂಪಿನ ಮೇಲೆ. ಪಂಪ್ ದುಬಾರಿ ಸಾಮಾನು, ಹಾಗಾಗಿ ಅನುಮಾನವೂ ದುಬಾರಿ. 1994ರಿಂದ 1998ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಡ್ಜ್ ರಾಮ್ 2500 ಮತ್ತು 3500 ಡೀಸೆಲ್ ಪಿಕಪ್‌ಗಳನ್ನು ರಿಪೇರಿ ಮಾಡಿ ಓಡಿಸಲು ಹೊರಟವರು ಈ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳುವುದು ವಾಸಿ. ದೋಷ ಹೆಚ್ಚಾಗಿ ಸಿಗುವುದು ಅಗ್ಗದ ರಬ್ಬರ್ ಪೈಪಿನಲ್ಲೋ, ಒಂದು ರಿಲೇಯಲ್ಲೋ.

ಈ ಗಾಡಿಗಳ ಬಾನೆಟ್ ಕೆಳಗಿರುವುದು ಕಮ್ಮಿನ್ಸ್‌ನ 5.9 ಲೀಟರ್ ಡೀಸೆಲ್ ಎಂಜಿನ್. ಡಾಡ್ಜ್ ಇದನ್ನು ಮೊದಲು ಕೂರಿಸಿದ್ದು 1989ರ ಮಾದರಿಗೆ. ಆಗ ಅದರ ಶಕ್ತಿ 160 ಅಶ್ವಶಕ್ತಿ. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಸಿಲಿಂಡರಿಗೆ ಎರಡರಂತೆ 12 ವಾಲ್ವ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್. ಎರಕದ ಕಬ್ಬಿಣದ ಈ ಎಂಜಿನ್ ಸುಮಾರು ಅರ್ಧ ಟನ್ ತೂಗುತ್ತದೆ. ಟ್ರ್ಯಾಕ್ಟರು, ಲಾರಿ, ಮಣ್ಣೆತ್ತುವ ಯಂತ್ರಗಳಲ್ಲಿ ದುಡಿಯುವ ಎಂಜಿನ್ನನ್ನೇ ತಂದು ಪಿಕಪ್ಪಿಗೆ ಹಾಕಿದ್ದರಿಂದ ಅದಕ್ಕೆ ಈ ಕೆಲಸ ಹಗುರವೇ ಆಯಿತು. ನಮ್ಮವರಿಗೂ ಇದು ಅಪರಿಚಿತವಲ್ಲ. 1993ರಲ್ಲಿ ಜಮ್ಶೆಡ್‌ಪುರದಲ್ಲಿ ಹುಟ್ಟಿದ ಟಾಟಾ ಕಮ್ಮಿನ್ಸ್ ಇದೇ ವಂಶದ ಎಂಜಿನ್ ತಯಾರಿಸಿತು. ಅದನ್ನು ಹೊತ್ತ ಟಾಟಾ ಲಾರಿಗಳು ನಮ್ಮ ಹೆದ್ದಾರಿಗಳಲ್ಲಿ ವರ್ಷಗಟ್ಟಲೆ ಓಡಿವೆ.

ಪಂಪ್ ಯಾಕೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ ಅನ್ನುವುದಕ್ಕೆ ಅದರ ಒಳಗನ್ನು ನೋಡಬೇಕು. 1994ರಿಂದ ಈ ಎಂಜಿನ್ನಿಗೆ ಬಂದ ಬಾಷ್ ಪಿ7100 ಪಂಪಿನಲ್ಲಿ ಆರು ಸಿಲಿಂಡರಿಗೆ ಆರು ಪ್ಲಂಜರ್. ಪ್ರತಿ ಪ್ಲಂಜರ್ ಮೇಲೆ ಕೆಳಗೆ ಚಲಿಸುವ ದೂರ ಎಂದೂ ಬದಲಾಗುವುದಿಲ್ಲ. ಹಾಗಿದ್ದೂ ಎಂಜಿನ್ನಿಗೆ ಹೋಗುವ ಡೀಸೆಲ್ ಹೆಚ್ಚು ಕಡಿಮೆ ಆಗುತ್ತದೆ. ಕಾರಣ, ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ತೋಡು. ಪ್ಲಂಜರ್ ಏರುವಾಗ ಈ ತೋಡು ಪಕ್ಕದ ರಂಧ್ರಕ್ಕೆ ಎದುರಾದ ಕ್ಷಣವೇ ಒತ್ತಡ ಸೋರಿ ಸಿಂಪಡಣೆ ನಿಲ್ಲುತ್ತದೆ. ಪ್ಲಂಜರನ್ನು ಚೂರು ತಿರುಗಿಸಿದರೆ ಆ ಕ್ಷಣ ಹಿಂದೆ ಮುಂದೆ ಸರಿಯುತ್ತದೆ, ಡೀಸೆಲ್ಲಿನ ಅಳತೆಯೂ ಬದಲಾಗುತ್ತದೆ. ಆರನ್ನೂ ಒಟ್ಟಿಗೆ ತಿರುಗಿಸಲು ಒಂದು ಹಲ್ಲಿನ ಸರಳು. ವೇಗ ಮಿತಿ ಮೀರಿದರೆ ಆ ಸರಳನ್ನು ಹಿಂದಕ್ಕೆ ಸರಿಸಲು ತಿರುಗುವ ತೂಕಗಳ ಗವರ್ನರ್. ಕಂಪ್ಯೂಟರ್ ಎಲ್ಲೂ ಇಲ್ಲ. ಪಂಪಿಗೆ ನಯ ಕೊಡುವುದು ಎಂಜಿನ್ ಆಯಿಲ್. ಮುಂದೆ 24 ವಾಲ್ವಿನ ಎಂಜಿನ್ ಜೊತೆ ಬಂದ ವಿಪಿ44 ಪಂಪ್ ನಯಕ್ಕೂ ತಂಪಿಗೂ ಡೀಸೆಲ್ಲನ್ನೇ ನೆಚ್ಚಿತ್ತು. ಡೀಸೆಲ್ ಪೂರೈಸುವ ಎಲೆಕ್ಟ್ರಿಕ್ ಫೀಡ್ ಪಂಪ್ ಸೊರಗಿದರೆ ಅದೂ ಹಿಂದೆಯೇ ಸಾಯುತ್ತಿತ್ತು. ನನ್ನ ಮಟ್ಟಿಗೆ ಇದು ಮುನ್ನಡೆಯಲ್ಲ.

ಇನ್ನು ರಬ್ಬರ್ ಪೈಪಿನ ಕಥೆ. ಟ್ಯಾಂಕಿನಿಂದ ಬರುವ ಉಕ್ಕಿನ ಪೈಪು ಚಾಸಿಗೆ ಬಿಗಿದಿರುತ್ತದೆ. ಎಂಜಿನ್ ಮಾತ್ರ ಅಲುಗಾಡುತ್ತದೆ. ಎರಡರ ನಡುವೆ, ಎಂಜಿನ್ನಿನ ಹಿಂಬದಿಯಲ್ಲಿ, ರಬ್ಬರ್ ತುಂಡೊಂದು ಬೇಕೇ ಬೇಕು. ಬಿಸಿಗೆ ಅದು ಕಾಲಕ್ರಮೇಣ ಬಿರುಕು ಬಿಡುತ್ತದೆ. ಫೀಡ್ ಪಂಪ್ ಡೀಸೆಲ್ ಎಳೆಯುವ ಪೈಪು ಅದಾದ್ದರಿಂದ ಡೀಸೆಲ್ ಹೊರಗೆ ತೊಟ್ಟಿಕ್ಕದೆ, ಗಾಳಿ ಒಳಗೆ ಹೋಗುತ್ತದೆ. ಸೀಳಿದ ಕೊಳವೆಯಲ್ಲಿ ಎಳನೀರು ಹೀರಿದ ಹಾಗೆ. ನೆಲದ ಮೇಲೆ ಒಂದು ಹನಿಯೂ ಕಾಣದು, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ಹೊಡೆದಷ್ಟೂ ಸತಾಯಿಸುತ್ತದೆ. ಪತ್ತೆಗೆ ಸುಲಭ ಉಪಾಯವಿದೆ: ಪೈಪಿನ ಮಧ್ಯೆ ಪಾರದರ್ಶಕ ನಳಿಕೆಯ ತುಂಡು ಸೇರಿಸಿ ಎಂಜಿನ್ ತಿರುಗಿಸುವುದು. ಗುಳ್ಳೆಗಳ ಸಾಲು ಓಡಿದರೆ ಕಳ್ಳ ಸಿಕ್ಕಿದ.

ಗುಳ್ಳೆ ಇಲ್ಲ, ಎಂಜಿನ್ ತಿರುಗುತ್ತಿದೆ, ಹೊಗೆಯೇ ಬರುತ್ತಿಲ್ಲ ಎಂದರೆ ಪಂಪಿನ ಪಕ್ಕದ ಸೊಲೆನಾಯ್ಡ್ ನೋಡಬೇಕು. ಕೀ ತಿರುಗಿಸಿದಾಗ ಅದು ಒಂದು ಲಿವರನ್ನು ಮೇಲೆತ್ತಿ ಹಿಡಿಯಬೇಕು; ಎತ್ತದಿದ್ದರೆ ಪಂಪ್ ಡೀಸೆಲ್ ಬಿಡದು. ಸುಟ್ಟ ರಿಲೇಯಿಂದಲೋ ಬಿಗಿ ಹಿಡಿದ ಲಿವರಿನಿಂದಲೋ ಈ ಎತ್ತುವಿಕೆ ನಿಲ್ಲುತ್ತದೆ. ಒಬ್ಬರು ಕೀ ತಿರುಗಿಸಿದರೆ ಇನ್ನೊಬ್ಬರು ಕಣ್ಣಲ್ಲೇ ನೋಡಿ ಹೇಳಬಹುದು. ಹೊಗೆ ಬಂದರೆ ಅದರ ಬಣ್ಣವೂ ಮಾತಾಡುತ್ತದೆ: ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ, ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ನೀಲಿಯಾದರೆ ಆಯಿಲ್ ಸುಡುತ್ತಿದೆ.

ಇಷ್ಟು ಗಟ್ಟಿ ಎಂಜಿನ್ನಿಗೆ ಗಂಡಾಂತರ ಬಂದದ್ದು ಒಂದು ಪುಟ್ಟ ಉಕ್ಕಿನ ಪಿನ್ನಿನಿಂದ. ಕ್ಯಾಮ್‌ಶಾಫ್ಟ್ ತಿರುಗಿಸಲು ಇಲ್ಲಿ ಬೆಲ್ಟೂ ಇಲ್ಲ, ಚೈನೂ ಇಲ್ಲ, ಎಲ್ಲ ಗೇರ್. ಆ ಗೇರುಗಳ ಕವಚವನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲೆಂದು ಹೊಡೆದ ಡೋವೆಲ್ ಪಿನ್, ವರ್ಷಗಳ ಅದುರಾಟಕ್ಕೆ ಸಡಿಲಾಗಿ ಹೊರಗೆ ಜಾರುತ್ತದೆ. ಅದೃಷ್ಟವಿದ್ದರೆ ಕೆಳಗೆ ಬಿದ್ದು ಸುಮ್ಮನಿರುತ್ತದೆ. ಇಲ್ಲವಾದರೆ ತಿರುಗುವ ಗೇರುಗಳ ನಡುವೆ ಸಿಕ್ಕಿ ಹಲ್ಲು ಮುರಿಯುತ್ತದೆ, ಅಲ್ಯೂಮಿನಿಯಂ ಕವಚ ಒಡೆಯುತ್ತದೆ. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಕರೆಯುವುದೇ ‘ಕಿಲ್ಲರ್ ಡೋವೆಲ್ ಪಿನ್’ ಎಂದು. ಮದ್ದು ಮಾತ್ರ ಸರಳ: ಮುಂದಿನ ಕವರ್ ಬಿಚ್ಚಿ, ಪಿನ್ನನ್ನು ಒಳಕ್ಕೆ ಬಡಿದು, ಪಕ್ಕದ ಬೋಲ್ಟಿನ ಕೆಳಗೆ ಒಂದು ತಗಡಿನ ಪಟ್ಟಿ ಸಿಕ್ಕಿಸಿ ಪಿನ್ನಿನ ಬಾಯಿ ಮುಚ್ಚುವುದು.

ಎಂಜಿನ್ ಸರಿಯಾದ ಮಾತ್ರಕ್ಕೆ ಗಾಡಿ ಸರಿಯಾಯಿತು ಅನ್ನುವಂತಿಲ್ಲ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಾಸಿ, ಬ್ರೇಕ್ ಪೈಪು, ಬಾಡಿಯ ಅಂಚುಗಳನ್ನು ತುಕ್ಕು ತಿನ್ನುತ್ತದೆ. ಹಾಗಾಗಿ ಇಂಥ ಗಾಡಿ ನೋಡಲು ಹೋದವರು ಎಂಜಿನ್ ಸದ್ದಿಗೆ ಮರುಳಾಗುವ ಮುನ್ನ ನೆಲಕ್ಕೆ ಮಲಗಿ ಸುತ್ತಿಗೆಯಿಂದ ಚಾಸಿ ತಟ್ಟಿ ನೋಡಲಿ. ಟಣ್ ಎನ್ನದೆ ಪುಡಿ ಉದುರಿದರೆ ಎಂಜಿನ್ನಿಗಷ್ಟೇ ಬೆಲೆ ಕಟ್ಟಿ, ಗಾಡಿಗಲ್ಲ.