ಕಬ್ಬಿನ ಟ್ರ್ಯಾಕ್ಟರ್ ಮತ್ತು ಲೈಸನ್ಸಿನ ಲೆಕ್ಕ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಕೃಷ್ಣಾ, ಘಟಪ್ರಭಾ ದಂಡೆಯ ಹೊಲಗಳಿಂದ ಸಕ್ಕರೆ ಕಾರ್ಖಾನೆಗಳತ್ತ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ಸಾಗುತ್ತದೆ. ಒಂದು ಕಾಲಕ್ಕೆ ಇದು ಚಕ್ಕಡಿಯ ಕೆಲಸವಾಗಿತ್ತು. ಎತ್ತು ಹೂಡಿದ ಚಕ್ಕಡಿ ಮೋಟಾರು ವಾಹನವಲ್ಲ. ಅದನ್ನು ಹೊಡೆಯುವವನಿಗೆ ಮೋಟಾರು ಕಾಯ್ದೆಯ ಲೈಸನ್ಸ್ ಬೇಕಿಲ್ಲ. ಟ್ರ್ಯಾಕ್ಟರಿಗೆ ಬೇಕು. ರೈತ ಉಳುಮೆಯ ಸಾಧನವೆಂದು ಬಗೆಯುವ ಈ ಯಂತ್ರ ಡಾಂಬರು ರಸ್ತೆಗೆ ಬಂದಾಗ ಕಾಯ್ದೆ ಅದನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಹಲವರಿಗೆ ತಿಳಿಯುವುದು ಅಪಘಾತ ನಡೆದ ಮೇಲೆಯೇ.

ಭಾರತದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಅದರ ಬದಲಿಗೆ 1939ರಲ್ಲಿ ಹೊಸ ಕಾಯ್ದೆ ಬಂತು. ಈಗಿರುವುದು 1988ರ ಕಾಯ್ದೆ. ಜಾರಿಗೆ ಬಂದದ್ದು 1989ರ ಜುಲೈ 1ರಂದು. ಇದರ ಪ್ರಕಾರ ತಾನಾಗಿ ಹೊರೆ ಹೊರಲು ನಿರ್ಮಿಸದ ವಾಹನ ಟ್ರ್ಯಾಕ್ಟರ್. ಅದರ ಖಾಲಿ ತೂಕ 7,500 ಕಿಲೋ ಮೀರದಿದ್ದರೆ ಅದು ಲಘು ಮೋಟಾರು ವಾಹನ. ನಮ್ಮ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳೆಲ್ಲ ಈ ಮಿತಿಯೊಳಗೇ ಇವೆ. ಓಡಿಸುವವನಿಗೆ 18 ವರ್ಷ ತುಂಬಿರಬೇಕು.

ಹಾಗಾದರೆ ಹಿಂದೆ ಟ್ರೇಲರ್ ಕಟ್ಟಿ ಮಾಲು ಹೇರಿದರೆ ಅದೇ ಲೈಸನ್ಸ್ ಸಾಕೇ? ವಿಮಾ ಕಂಪನಿಗಳು ಸಾಲದು ಎಂದು ವಾದಿಸುತ್ತ ಬಂದವು. 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಅಲ್ಲಿ ಟ್ರೇಲರಿನಲ್ಲಿದ್ದದ್ದು ಕಲ್ಲು. ಟ್ರ್ಯಾಕ್ಟರ್ ಓಡಿಸಲು ಅರ್ಹನಾದವನು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ. ಹಾಗೆಂದರೆ ಕಾರಿನ ಮೇಲೆ ಕ್ಯಾರಿಯರ್ ಇಟ್ಟು ಸಾಮಾನು ಒಯ್ಯುವವನೂ ಲೈಸನ್ಸ್ ಇಲ್ಲದವನಾಗಬೇಕಾದೀತು ಎಂಬುದು ನ್ಯಾಯಾಲಯದ ತರ್ಕ. 7,500 ಕಿಲೋ ಮೀರದ ಸಾರಿಗೆ ವಾಹನಗಳನ್ನು ಲಘು ವಾಹನದ ಲೈಸನ್ಸಿನಲ್ಲೇ ಓಡಿಸಬಹುದು ಎಂದು 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. 2024ರ ನವೆಂಬರ್ 6ರಂದು ಐವರ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು.

ಇಷ್ಟಕ್ಕೆ ಎಲ್ಲವೂ ಮುಗಿಯಲಿಲ್ಲ. ಕಾಯ್ದೆಯ ಅರ್ಥದಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಅದರ ಸಂಖ್ಯೆ ಪಕ್ಕದಲ್ಲಿ ಕಾಣಬೇಕು. ಸಾಲಿನ ಕೊನೆಯ ಟ್ರೇಲರಿನ ಮೇಲೆ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆ ಇರಲೇಬೇಕು. ಜಮಖಂಡಿ ಸಾರಿಗೆ ಕಚೇರಿಯ 'ಕೆಎ 48' ಮುಂದೆ ಮಾತ್ರ ಹೊಳೆದು, ಹಿಂದೆ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋದರೆ ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ಸಂಖ್ಯೆಯೂ ಇಲ್ಲ, ಕೆಂಪು ದೀಪವೂ ಇಲ್ಲ. ವಿಮೆಯೂ ಹೀಗೆಯೇ. ಸ್ವಂತ ಬೇಸಾಯಕ್ಕೆಂದು ಮಾಡಿಸಿದ ಪಾಲಿಸಿಯಲ್ಲಿ ಬಾಡಿಗೆಗೆ ಕಬ್ಬು ಹೊತ್ತರೆ ಕಂಪನಿಗೆ ತಕರಾರು ಎತ್ತಲು ಆಸ್ಪದ ಸಿಗುತ್ತದೆ.

ಕಬ್ಬು ಕಡಿಯುವ ಗ್ಯಾಂಗಿನ ಆಳುಗಳು ಮಡ್‌ಗಾರ್ಡಿನ ಮೇಲೆ ಕೂತು ಹೋಗುವುದು ನಿತ್ಯದ ನೋಟ. ಟ್ರ್ಯಾಕ್ಟರಿಗೆ ಇರುವುದು ಚಾಲಕನ ಸೀಟೊಂದೇ. ಬೇರೆ ಯಾರನ್ನೂ ಅದರ ಮೇಲೆ ಕೂರಿಸಿಕೊಳ್ಳಬಾರದೆನ್ನುತ್ತದೆ ನಿಯಮ. ಬಿದ್ದು ಸತ್ತರೆ ಪರಿಹಾರಕ್ಕಾಗಿ ಅವರ ಮನೆಯವರು ಕೋರ್ಟಿನ ಮೆಟ್ಟಿಲು ಸವೆಸಬೇಕಾಗುತ್ತದೆ.

ಲೈಸನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನೂ ತಪ್ಪಿತಸ್ಥನೇ. 2019ರ ತಿದ್ದುಪಡಿಯ ನಂತರ ಅವನಿಗೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. 18 ತುಂಬದ ಹುಡುಗ ಓಡಿಸಿ ಅಪರಾಧ ನಡೆದರೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡವಿದೆ. ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. 2004ರ ಸ್ವರಣ್ ಸಿಂಗ್ ತೀರ್ಪಿನ ಬಳಿಕ, ಚಾಲಕನಿಗೆ ಲೈಸನ್ಸ್ ಇಲ್ಲದಿದ್ದರೂ ಕಂಪನಿ ಮೊದಲು ನೊಂದವರಿಗೆ ಪರಿಹಾರ ಕೊಟ್ಟು, ಮಾಲೀಕನ ತಪ್ಪು ಸಾಬೀತಾದರೆ ಆ ಹಣವನ್ನು ಅವನಿಂದ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ. ಸತ್ತವನ ಮನೆಗೆ ಇದರಿಂದ ಆಸರೆ ಸಿಕ್ಕೀತು. ಆದರೆ ಕಬ್ಬಿನ ಬಿಲ್ಲನ್ನೇ ನಂಬಿ ಟ್ರ್ಯಾಕ್ಟರ್ ಸಾಲ ತೀರಿಸುತ್ತಿರುವ ರೈತನಿಗೆ ಆ ಮೊತ್ತ ಹೊಲವನ್ನೇ ಮಾರಿಸೀತು. ಹಂಗಾಮಿಗೆ ಮುನ್ನ ಎಂಜಿನ್ ಆಯಿಲ್ ನೋಡುವ ರೈತ ಚಾಲಕನ ಲೈಸನ್ಸ್, ಟ್ರೇಲರಿನ ಕಾಗದ, ವಿಮೆಯ ಷರತ್ತು ಮತ್ತು ಹಿಂದಿನ ಕೆಂಪು ದೀಪವನ್ನೂ ಒಮ್ಮೆ ನೋಡಿಕೊಳ್ಳುವುದು ಮೇಲು.