ಮೈನಸ್ ಪಕ್ಕದ ಅಲ್ಪವಿರಾಮ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಶನಿವಾರ ಬೆಳಿಗ್ಗೆ ಒಂದಷ್ಟು ಪ್ರೋಗ್ರಾಮರ್‌ಗಳು ಸೇರುತ್ತಾರೆ. ಒಬ್ಬರ ಕೋಡನ್ನು ಗೋಡೆಯ ಪರದೆಗೆ ಹಾಕುವುದು, ಉಳಿದವರೆಲ್ಲ ಸೇರಿ ಅದರ ಹುಳುಕು ಹುಡುಕುವುದು, ಇಷ್ಟೇ ಕಾರ್ಯಕ್ರಮ. ಕಾಫಿ ಚೆನ್ನಾಗಿರುತ್ತದೆ ಎಂಬ ಆಸೆಗೆ ಹೋದ ನನಗೆ ತಾಳಮದ್ದಳೆಯ ಅರ್ಥಗಾರಿಕೆಗೆ ಸಮನಾದ ವಾದ ಕೇಳಲು ಸಿಕ್ಕಿತು.

ಅವತ್ತಿನ ಕೋಡ್ ಮಾಡಬೇಕಿದ್ದುದು ಚಿಲ್ಲರೆ ಕೆಲಸ. ಹಣದ ಮೊತ್ತಕ್ಕೆ ನಮ್ಮ ಲಕ್ಷ-ಕೋಟಿ ಲೆಕ್ಕದಲ್ಲಿ ಅಲ್ಪವಿರಾಮ ಹಾಕಬೇಕು. 1234567 ಕೊಟ್ಟರೆ 12,34,567 ಎಂದು ತೋರಿಸಬೇಕು. ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ತಂದಿದ್ದ ಹುಡುಗ ಅದನ್ನು ಎಐ ಕೈಲಿ ಬರೆಸಿದ್ದ. ಅದನ್ನು ಒರೆಗೆ ಹಚ್ಚುವ ಪರೀಕ್ಷೆಗಳನ್ನು ಬರೆದದ್ದೂ ಎಐ. ಎಲ್ಲ ಪಾಸು, ಎಲ್ಲ ಹಸಿರು.

ಮುಂದಿನ ಸಾಲಿನಲ್ಲಿದ್ದ ಹಿರಿಯ ಎಂಜಿನಿಯರ್ ಒಬ್ಬರು ಕೇಳಿದರು: ‘ಸಾಲ ಇರೋನ ಬಾಕಿ ಹೇಗೆ ಕಾಣುತ್ತಪ್ಪಾ?’ ಹುಡುಗ -12345 ಎಂದು ಒತ್ತಿದ. ಪರದೆಯ ಮೇಲೆ -,12,345 ಎಂದು ಬಂತು.

ಕಾರಣ ಸರಳ. ಕೊನೆಯ ಮೂರು ಅಂಕಿ ಕತ್ತರಿಸಿದರೆ ಎಡಕ್ಕೆ ಉಳಿಯುವುದು -12. ಅದನ್ನು ಬಲದಿಂದ ಎರಡೆರಡಾಗಿ ತುಂಡರಿಸಿದರೆ 12 ಒಂದು ತುಂಡು, ಒಂಟಿ ಮೈನಸ್ ಇನ್ನೊಂದು. ನಡುವೆ ಅಲ್ಪವಿರಾಮ ಬಂದು ಕೂರುತ್ತದೆ. ತಮಾಷೆಯೆಂದರೆ -123456 ಕೊಟ್ಟರೆ -1,23,456 ಎಂದು ಸರಿಯಾಗಿಯೇ ಬರುತ್ತದೆ. ಅಲ್ಲಿ ಮೈನಸ್‌ಗೆ 1 ಜೋಡಿಯಾಗುತ್ತದೆ. ಹನ್ನೆರಡು ಸಾವಿರದ ಸಾಲಗಾರನಿಗೆ ತಪ್ಪು ಲೆಕ್ಕ, ಲಕ್ಷದ ಸಾಲಗಾರನಿಗೆ ಸರಿ ಲೆಕ್ಕ!

ಸಭೆ ಒಡೆಯಿತು. ‘ಇದಕ್ಕೆಲ್ಲ ಬೇರೆಯವರು ಬರೆದಿಟ್ಟ, ಪಳಗಿದ ಲೈಬ್ರರಿಗಳಿವೆ, ಹಾಕಿಕೊಳ್ಳಿ’ ಎಂದಿತು ಒಂದು ಪಕ್ಷ. ‘ತಪ್ಪು ಹೇಳಿದರೆ ಎಐ ಕ್ಷಣದಲ್ಲಿ ತಿದ್ದುತ್ತದೆ, ಲೈಬ್ರರಿಯ ಹಂಗೇಕೆ?’ ಎಂದಿತು ಇನ್ನೊಂದು. ಹಿಂದಿನ ಕುರ್ಚಿಯಿಂದ ಒಬ್ಬರು, ‘ಜಾವಾಸ್ಕ್ರಿಪ್ಟ್‌ನಲ್ಲೇ ಇದೆಯಲ್ರೀ, ಭಾರತದ ಲೊಕೇಲ್ ಕೊಟ್ಟರೆ ಅದೇ ಹಾಕುತ್ತೆ’ ಎಂದರು. ನಿಜವೇ. ಆದರೂ ಜಗಳ ನಿಲ್ಲಲಿಲ್ಲ. ಅಲ್ಪವಿರಾಮ ಬರೀ ನೆಪವಾಗಿತ್ತು.

ಈ ಜಗಳಕ್ಕೊಂದು ಪುರಾಣವಿದೆ, ಅದರ ಹೆಸರು ಲೆಫ್ಟ್‌-ಪ್ಯಾಡ್. ಅದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಪದದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವ 11 ಸಾಲಿನ ಜಾವಾಸ್ಕ್ರಿಪ್ಟ್ ಅದು. ಬರೆದವರು ಅಜರ್ ಕೊಚುಲು. ಅವರ ‘ಕಿಕ್’ ಎಂಬ ಇನ್ನೊಂದು ಪ್ಯಾಕೇಜಿನ ಹೆಸರು ತನ್ನದೆಂದು ಕಿಕ್ ಮೆಸೆಂಜರ್ ಕಂಪನಿ ಪಟ್ಟು ಹಿಡಿಯಿತು. ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂ ಹೆಸರನ್ನು ಕಂಪನಿಗೆ ಕೊಟ್ಟಿತು. ಕೊಚುಲು ಸಿಟ್ಟಿಗೆದ್ದು, 2016ರ ಮಾರ್ಚ್‌ನಲ್ಲಿ, ತಮ್ಮ 273 ಪ್ಯಾಕೇಜುಗಳನ್ನೂ ಕಿತ್ತುಹಾಕಿದರು. ಲೆಫ್ಟ್‌-ಪ್ಯಾಡ್ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ನಿಂತಿದ್ದರಿಂದ ಬೇಬಲ್‌ನಂಥ ಸಾಧನವೇ ಇನ್‌ಸ್ಟಾಲ್ ಆಗದೆ ಜಗತ್ತಿನಾದ್ಯಂತ ಬಿಲ್ಡ್‌ಗಳು ಮಗುಚಿದವು. ಎನ್‌ಪಿಎಂ ಕೆಲವೇ ಗಂಟೆಗಳಲ್ಲಿ ಲೆಫ್ಟ್‌-ಪ್ಯಾಡನ್ನು ಮರಳಿ ಪ್ರತಿಷ್ಠಾಪಿಸಬೇಕಾಯಿತು.

ಅದೇ ಭಂಡಾರದಲ್ಲಿ ಸಂಖ್ಯೆ ಬೆಸವೇ ಎಂದು ಹೇಳುವ ‘ಈಸ್‌-ಆಡ್’ ಇದೆ. ಸಮವೇ ಎಂದು ಹೇಳಲು ‘ಈಸ್‌-ಈವನ್’ ಇದೆ. ಅದು ‘ಈಸ್‌-ಆಡ್’ ಅನ್ನು ಕೇಳಿ ಉತ್ತರ ತಿರುಗಿಸುತ್ತದೆ. ‘ಈಸ್‌-ಆಡ್’, ಬಂದದ್ದು ಸಂಖ್ಯೆಯೇ ಎಂದು ‘ಈಸ್‌-ನಂಬರ್’ ಅನ್ನು ಕೇಳುತ್ತದೆ. ಒಗ್ಗರಣೆಯ ಸಾಸಿವೆಗೂ ಪಕ್ಕದ ಮನೆಗೆ ಓಡುವ ಸಂಸಾರ. ಅತ್ತ, ಎಡಕ್ಕೆ ತುಂಬುವ ಕೆಲಸವನ್ನು 2017ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯೇ ‘ಪ್ಯಾಡ್‌ಸ್ಟಾರ್ಟ್’ ಎಂಬ ಹೆಸರಿನಲ್ಲಿ ವಹಿಸಿಕೊಂಡಿತು.

ಗೋ ಭಾಷೆಯ ಜನಕರಲ್ಲೊಬ್ಬರಾದ ರಾಬ್ ಪೈಕ್ 2015ರಲ್ಲೇ, ಚೂರುಪಾರು ಕೋಡಿಗಾಗಿ ಇನ್ನೊಬ್ಬರನ್ನು ನೆಚ್ಚುವ ಬದಲು ನಕಲು ಮಾಡಿಕೊಳ್ಳುವುದೇ ಮೇಲು ಎಂದಿದ್ದರು. ಎಐ ಪಕ್ಷದವರಿಗೆ ಈಗ ಅದೇ ಮಂತ್ರ: ನಕಲೂ ಬೇಡ, ಬೇಕಾದಾಗ ಹೊಸದಾಗಿ ಬರೆಸಿಕೊಂಡರಾಯಿತು. ಎಐ ಸಂಶೋಧಕ ಆಂಡ್ರೆ ಕಾರ್ಪತಿ 2025ರ ಫೆಬ್ರುವರಿಯಲ್ಲಿ ಇದಕ್ಕೆ ‘ವೈಬ್ ಕೋಡಿಂಗ್’ ಎಂದು ನಾಮಕರಣ ಮಾಡಿದ ಮೇಲಂತೂ, ಕೋಡನ್ನು ಓದದೆ ಮುಂದೆ ಸಾಗುವುದಕ್ಕೂ ಒಂದು ಗತ್ತು ಬಂದಿದೆ.

ನನ್ನ ಒಲವು ಸಾಲಗಾರನನ್ನು ನೆನೆದ ಆ ಹಿರಿಯರ ಕಡೆಗೇ. ಆದರೆ ಹುಡುಗನ ಮರುಪ್ರಶ್ನೆ ಬಲವಾಗಿತ್ತು: ‘ಮೇಡಂ, ನೀವು ಹಾಕಿಕೊಳ್ಳೋ ಲೈಬ್ರರಿಯ ಒಂದು ಸಾಲಾದ್ರೂ ಓದಿದ್ದೀರಾ?’ ಅವರು ನಕ್ಕರು. ‘ಇಲ್ಲ. ಆದರೆ ಅದರ ತಪ್ಪು ನನಗಿಂತ ಮೊದಲು ಸಾವಿರ ಜನಕ್ಕೆ ಸಿಕ್ಕಿರುತ್ತೆ. ನಿಂದು ನಿನಗೊಬ್ಬನಿಗೇ ಸಿಗಬೇಕು.’

ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರ ‘ನೋ ಸಿಲ್ವರ್ ಬುಲೆಟ್’ ಪ್ರಬಂಧದಲ್ಲಿ ಸಾಫ್ಟ್‌ವೇರಿನ ಕಷ್ಟವನ್ನು ಎರಡಾಗಿ ಒಡೆದಿದ್ದರು. ಒಂದು, ಉಪಕರಣ ಸಾಲದೆ ಬರುವ ತೊಡಕು. ಇನ್ನೊಂದು, ಏನು ಬೇಕೆಂದು ಖಚಿತವಾಗಿ ಯೋಚಿಸುವ ತೊಡಕು. ಎಐ ಮೊದಲನೆಯದನ್ನು ಗುಡಿಸಿಹಾಕುತ್ತಿದೆ, ಒಪ್ಪೋಣ. ಮೊತ್ತ ಸೊನ್ನೆಗಿಂತ ಕೆಳಗಿಳಿಯಬಹುದು ಎಂಬ ಯೋಚನೆ ಎರಡನೆಯ ಜಾತಿಯದು. ಕೋಡು, ಪರೀಕ್ಷೆ ಎರಡನ್ನೂ ಒಂದೇ ಕಡೆಯಿಂದ ತರಿಸಿಕೊಂಡರೆ, ಅಲ್ಲಿ ಮರೆತದ್ದನ್ನು ಇಲ್ಲಿ ಯಾರು ನೆನಪಿಸಬೇಕು?

ಇಷ್ಟಾದರೂ ಎರಡೂ ಪಕ್ಷಗಳ ರೋಗ ಒಂದೇ ಎಂಬುದು ವಿಚಿತ್ರ: ಓದದೆ ನಂಬುವುದು. ಎಐ ಕೆಲವೊಮ್ಮೆ ಇಲ್ಲದ ಲೈಬ್ರರಿಯ ಹೆಸರನ್ನು ಧೈರ್ಯವಾಗಿ ಸೂಚಿಸುತ್ತದೆ. ಅದೇ ಹೆಸರನ್ನು ಮತ್ತೆ ಮತ್ತೆ ಹೇಳುವುದೂ ಉಂಟು. ಕಳ್ಳರು ಅಂಥ ಹೆಸರಿನಲ್ಲೇ ಪ್ಯಾಕೇಜು ನೋಂದಾಯಿಸಿ ಕಾದು ಕೂರಬಹುದು. ಈ ವರಸೆಗೆ ‘ಸ್ಲಾಪ್‌ಸ್ಕ್ವಾಟಿಂಗ್’ ಎಂಬ ಹೆಸರೂ ಬಿದ್ದಿದೆ. ಹಿಂದೆ ನಾವು ಓದದೆ ನಂಬಿದ್ದು ಕೊಚುಲು ಎಂಬ ಒಬ್ಬ ಮನುಷ್ಯನನ್ನು; ಸಿಟ್ಟು ಬಂದರೂ ಅವರಿಗೊಂದು ಹೆಸರು, ವಿಳಾಸ, ಕಾರಣ ಇದ್ದವು. ಈಗ ಓದದೆ ನಂಬುವ ಕೋಡಿಗೆ ಜಗಳವಾಡಲು ಎದುರಾಳಿಯೂ ಇಲ್ಲ. ಹಾಗಾಗಿ ಇನ್‌ಸ್ಟಾಲ್ ಒತ್ತುವವನೇ, ಮರ್ಜ್ ಒತ್ತುವವನೇ ಅದರ ಕರ್ತೃ ಎಂದು ಲೆಕ್ಕ ಬರೆದುಕೊಳ್ಳುವುದು ವಾಸಿ.